ದಪ್ಪೆಲೆಯ ಗಿಡ ಮತ್ತು ಇಲ್ಲದ ಬೆಕ್ಕು

ಜೂನ್ ೯

ಸೊಸೆಗೆ,

ನನ್ನ ಗಿಡ ವಾಪಸ್ ಕಳಿಸು.

ಈ ಪತ್ರವನ್ನು ನಿನ್ನ ವಕೀಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನೆಲ್ಲಿದ್ದೀಯ ಎಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಗೊತ್ತಿದ್ದರೆ ಬಾಯಿ ಬಿಡಿಸುವವರು ಮನೆಯಲ್ಲಿದ್ದಾರೆ. ನೋಟಿಸು ಬಂದ ದಿನ ನನ್ನ ಮಗ ಅದನ್ನು ಹರಿದು ಬಿಸಾಡಿದ. ಲಕೋಟೆಯ ವಿಳಾಸವಿದ್ದ ತುಂಡನ್ನು ನಾನು ಎತ್ತಿಟ್ಟುಕೊಂಡೆ.

ಏಪ್ರಿಲ್‌ನಲ್ಲಿ ಮನೆ ಬಿಟ್ಟು ಹೋಗುವಾಗ ನೀನು ಏನೇನು ಒಯ್ದೆ ಎಂದು ಅವನು ಪಟ್ಟಿ ಮಾಡಿದ್ದಾನೆ. ಒಂದು ಚೀಲ, ನಾಲ್ಕು ಜೊತೆ ಬಟ್ಟೆ, ಒಂದು ಛತ್ರಿ. ಕೊನೆಯಲ್ಲಿ ‘ಅಮ್ಮನ ಗಿಡ, ಕಳವು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾನೆ. ಮಿಕ್ಕದ್ದೆಲ್ಲ ನಿನ್ನದೇ, ನನ್ನ ತಕರಾರಿಲ್ಲ. ಗಿಡ ಮಾತ್ರ ನನ್ನದು. ಅಂಗೈಯಗಲ ಇದ್ದಾಗಿನಿಂದ ಹನ್ನೊಂದು ವರ್ಷ ಸಾಕಿದ್ದೇನೆ. ಪ್ರತಿ ಚಳಿಗಾಲ ಗೊಂಚಲು ಗೊಂಚಲಾಗಿ ಹೂ ಬಿಡುತ್ತಿತ್ತು. ನೀನು ನಮ್ಮ ಮನೆಗೆ ಕಾಲಿಟ್ಟು ಆರು ವರ್ಷ, ಆರು ವರ್ಷದಲ್ಲಿ ಒಂದು ಮೊಗ್ಗು ಕಂಡಿಲ್ಲ. ಇದನ್ನು ನಿನ್ನ ಮುಖಕ್ಕೇ ಹೇಳಿದ್ದೇನೆ. ಬರೆದೂ ಹೇಳುತ್ತಿದ್ದೇನೆ.

ಕಳಿಸುವ ತನಕ ಕೊಂದುಬಿಡಬೇಡ. ಅದರ ಎಲೆಯೊಳಗೇ ನೀರಿರುತ್ತದೆ. ಬೆರಳಲ್ಲಿ ಎಲೆಯನ್ನು ಒತ್ತಿ ನೋಡು. ಗಟ್ಟಿಯಾಗಿದ್ದರೆ ನೀರು ಬೇಡ, ಮೆತ್ತಗಾಗಿ ಸುಕ್ಕು ಬಂದಿದ್ದರೆ ಮಾತ್ರ ಅರ್ಧ ಲೋಟ.

ಫೋನ್ ಮಾಡಬೇಡ, ಫೋನನ್ನು ಅವನು ನೋಡುತ್ತಾನೆ. ಬರೆಯುವುದಿದ್ದರೆ ನಮ್ಮ ಬೀದಿಯ ಗುಂಡಿ ಅಂಗಡಿಯವಳ ಹೆಸರಿಗೆ ಬರಿ. ಅವಳು ಇನ್ನೊಬ್ಬರ ಕಾಗದ ಓದುವವಳಲ್ಲ. ಓದಿದರೂ ಹೇಳಲಾರಳು, ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ.

ಗಿಡದ ಯಜಮಾನಿ,
ನಿನ್ನ ಅತ್ತೆ


ಜೂನ್ ೨೪

ಅತ್ತೆಯವರಿಗೆ,

ಕಳಿಸುವುದಿಲ್ಲ.

ಕದ್ದೆ ಎಂದು ಬರೆದುಕೊಳ್ಳಲಿ, ಬೇಕಾದರೆ ಇನ್ನೆರಡು ಗೆರೆ ಎಳೆದುಕೊಳ್ಳಲಿ. ಆ ಮನೆಯಿಂದ ಹೊರಡುವಾಗ ಬಾಗಿಲ ತನಕ ಹೋಗಿದ್ದವಳು ತಿರುಗಿ ಬಂದು ಕಿಟಕಿಯ ಮೇಲಿದ್ದ ಆ ಕುಂಡವನ್ನು ಎತ್ತಿಕೊಂಡೆ. ಬೇಕೆಂದೇ ಎತ್ತಿಕೊಂಡೆ. ಆರು ವರ್ಷದಿಂದ ಹೊಲಿಗೆಗೆ ಬಂದ ಗಿರಾಕಿಗೆಲ್ಲ ನೀವು ಹೇಳುತ್ತಿದ್ದದ್ದು ಒಂದೇ ಮಾತು: “ಇವಳು ಬಂದಳು ನೋಡಿ, ಗಿಡ ಮುನಿಸ್ಕೊಂಡ್ಬಿಡ್ತು.” ಬ್ಲೌಸಿನ ಅಳತೆ ಕೊಡಲು ಬಂದವರು ನನ್ನ ಪಾದ ನೋಡುತ್ತಿದ್ದರು. ಇದು ನನ್ನ ಕಾಲ್ಗುಣವೋ ನಿಮ್ಮ ಮನೆಯ ಗುಣವೋ ನೋಡಿಯೇ ಬಿಡೋಣ ಎಂದು ತಂದಿದ್ದೇನೆ. ಹೂ ಬಿಡಿಸುತ್ತೇನೆ. ಬಿಡಿಸಿದ ಮೇಲೆ ಕಳಿಸುವ ಮಾತು.

ಇಲ್ಲಿ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸ ಸಿಕ್ಕಿದೆ. ದುಂಡಗಿನ ಗಾಜು ಬರುತ್ತದೆ. ಅದನ್ನು ಸಾಣೆ ಚಕ್ರಕ್ಕೆ ಹಿಡಿದು ಫ್ರೇಮಿನ ಆಕಾರಕ್ಕೆ ಅಂಚು ಸವೆಸಬೇಕು. ಒಂದು ಕೂದಲೆಳೆ ಹೆಚ್ಚು ಸವೆಸಿದರೆ ಗಾಜು ಉದುರುತ್ತದೆ, ಕಡಿಮೆ ಸವೆಸಿದರೆ ಕೂರುವುದಿಲ್ಲ. ಮೊದಲ ವಾರ ಒಂಬತ್ತು ಗಾಜು ಹಾಳು ಮಾಡಿದೆ. ಈಗ ಇಲ್ಲ. ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಅದರ ಬಾಗಿಲಿಗೆ ಒಳಗಿನಿಂದ ಅಗುಳಿ ಇದೆ. ಉತ್ತರವನ್ನು ಅಂಗಡಿಗೇ ಬರೆಯಿರಿ, ವಿಳಾಸ ಹಿಂಬದಿಯಲ್ಲಿದೆ. ಮನೆಯದ್ದು ಕೊಡುವುದಿಲ್ಲ.

ಕುಂಡ ಹಾಗೇ ಇದೆ. ಒಡೆದ ಎರಡು ಹೋಳನ್ನು ನೀವು ತಂತಿ ಸುತ್ತಿ ಕೂಡಿಸಿದ್ದಿರಲ್ಲ, ಆ ತಂತಿಯೂ ಇದೆ. ಮಾರ್ಚ್‌ನಲ್ಲಿ ಅದು ಒಡೆದಾಗ ಮೇಲಿನ ಮನೆಯಾಕೆ ಇಳಿದು ಬಂದು “ಏನ್ರೀ ಅದು ಸದ್ದು?” ಎಂದಾಗ ನೀವು ಪೊರಕೆ ಹಿಡಿದುಕೊಂಡೇ “ಬೆಕ್ಕು ಬೀಳಿಸ್ತು” ಎಂದಿರಿ. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಕೂದಲ ತುಂಬ ಮಣ್ಣಿತ್ತು.

ಬೆಕ್ಕು ಚೆನ್ನಾಗಿದೆಯೇ?

ವಿಚ್ಛೇದನದ ಕಾಗದಪತ್ರ ಮುಗಿಯುವ ತನಕ,
ನಿಮ್ಮ ಸೊಸೆ


ಜುಲೈ ೧೧

ಸೊಸೆಗೆ,

ನಾಲಿಗೆ ಉದ್ದ ಆಗಿದೆ. ಅಲ್ಲಿಯ ಗಾಳಿ ಇರಬೇಕು.

ಹೂ ಬಿಡಿಸುತ್ತಾಳಂತೆ. ಆರು ವರ್ಷದಲ್ಲಿ ಒಂದು ದಿನ ಆ ಗಿಡದ ಧೂಳು ಒರೆಸಿದ್ದೀಯಾ? ನಿನ್ನ ಕಿಟಕಿ ಯಾವ ದಿಕ್ಕಿಗಿದೆ ಎಂದೂ ಬರೆದಿಲ್ಲ. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ. ಎಲೆಯಂಚು ಕೆಂಪಾದರೆ ಬಿಸಿಲು ಹೆಚ್ಚಾಯಿತೆಂದು ತಿಳಿ. ಕಾಂಡ ಕತ್ತು ಚಾಚಿ ಉದ್ದವಾದರೆ ಬೆಳಕು ಸಾಲದೆಂದು ತಿಳಿ. ಮಣ್ಣಿಗೆ ಮೂರನೆಯ ಒಂದು ಪಾಲು ಮರಳು ಬೆರೆಸು.

ಅದರ ಹೂ ನೀನು ನೋಡಿಯೇ ಇಲ್ಲ. ಬೇರೆ ಯಾವುದೋ ಗಿಡದ ಹೂ ತೋರಿಸಿ ಇದೇ ಎಂದು ನನ್ನ ಕಿವಿಗೆ ಹೂ ಇಡಬಾರದಲ್ಲ, ಅದಕ್ಕೆ ಈ ಕಾಗದದ ಮೂಲೆಗೆ ಒಂದು ಎಳೆ ದಾರ ಹೊಲಿದಿದ್ದೇನೆ. ಅದೇ ಬಣ್ಣ. ಹೂ ಇದ್ದ ಕಡೆಯ ವರ್ಷ ಗುಂಡಿ ಅಂಗಡಿಗೆ ಒಂದು ಹೂ ಒಯ್ದು ಹಿಡಿದು ನೋಡಿ ಆರಿಸಿದ ರೀಲು. ನಲವತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದ್ದೇನೆ, ಒಮ್ಮೆಯೂ ತಪ್ಪಿಲ್ಲ.

ಇನ್ನೊಂದು ವಿಷಯ ನೀನು ಬರೆದದ್ದು ಓದಿದೆ. ಅದಕ್ಕೆ ಉತ್ತರ ಬರೆಯುವುದಿಲ್ಲ.

ಅತ್ತೆ


ಆಗಸ್ಟ್ ೧೭

ಅತ್ತೆಯವರಿಗೆ,

ನಿಮಗೆ ಖುಷಿಯಾಗುವ ಸುದ್ದಿ: ಗಿಡ ಕೊಳೆಯಿತು.

ಎಲ್ಲ ಅಲ್ಲ, ಬುಡ. ನೀವು ಹೇಳಿದ ಹಾಗೆ ಎಲೆ ಒತ್ತಿ ನೋಡುತ್ತಿದ್ದೆ. ಆದರೆ ನಿಮ್ಮ ಮಗನ ವಕೀಲರಿಂದ ಕಾಗದ ಬಂದ ದಿನ ಎಲೆ ಒತ್ತಲಿಲ್ಲ. ಕಾರಣವಿಲ್ಲದೆ ಗಂಡನನ್ನು ಬಿಟ್ಟು ಹೋದವಳು, ಎಂದಿತ್ತು ಅದರಲ್ಲಿ. ಓದಿ ಏನು ಮಾಡಬೇಕೋ ತೋಚದೆ ಒಂದು ಚೊಂಬು ನೀರು ಹೊಯ್ದೆ. ಜುಲೈನಲ್ಲಿ ಅಂಥ ಕಾಗದ ನಾಲ್ಕು ಬಂದವು. ಮೊನ್ನೆ ಕುಂಡ ಎತ್ತಿದರೆ ಕಾಂಡ ಕೈಗೇ ಬಂತು. ಬುಡ ಕಪ್ಪಾಗಿ ಕೊಳೆತ ಬಾಳೆಹಣ್ಣಿನಂತಿತ್ತು.

ಮೇಲಿನ ಮೂರು ಕೊನೆಗಳು ಇನ್ನೂ ಹಸಿರಾಗಿ ಗಟ್ಟಿಯಾಗಿದ್ದವು. ಗಾಜಿನ ಅಂಚು ಕೆರೆಯುವ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದೇನೆ. ಈಗ ಮೇಜಿನ ಮೇಲೆ ಒಂದು ಹಾಳೆಯಲ್ಲಿವೆ. ಮುಂದೇನು ಎಂದು ನಿಮ್ಮನ್ನು ಕೇಳುವುದಕ್ಕೆ ನನಗೇನೂ ಹಿತವಾಗುತ್ತಿಲ್ಲ. ಕೇಳುತ್ತಿದ್ದೇನೆ.

ನಿಮ್ಮ ಕಾಲ್ಗುಣದ ಮಾತನ್ನು ಮಾತ್ರ ಈ ಸಲ ಬರೆಯಬೇಡಿ. ಕೊಳೆಸಿದ್ದು ಕಾಲಲ್ಲ, ಕೈ.

ಸೊಸೆ


ಆಗಸ್ಟ್ ೨೦

ನೆಡಬೇಡ. ನೀರಿಗೂ ಇಡಬೇಡ. ಕತ್ತರಿಸಿದ ಜಾಗ ಮೊದಲು ಒಣಗಬೇಕು. ನೆರಳಿನಲ್ಲಿ ನಾಲ್ಕು ದಿನ ಸುಮ್ಮನೆ ಬಿಡು. ಗಾಯದ ಮೇಲೆ ಬೆರಳಾಡಿಸಿದರೆ ಕಾಗದದಂತೆ ಗರಗರ ಅನ್ನಬೇಕು. ಹಸಿ ಗಾಯವನ್ನು ಮಣ್ಣಿಗಿಟ್ಟರೆ ಅಲ್ಲಿಂದಲೇ ಕೊಳೆಯುತ್ತದೆ. ಆಮೇಲೆ ಒಣ ಮಣ್ಣಿಗೆ ಊರು. ಒಂದು ವಾರ ನೀರಿಲ್ಲ. ಸತ್ತಂತೆ ಕಾಣುತ್ತದೆ, ಸತ್ತಿರುವುದಿಲ್ಲ. ಕೈ ಕಟ್ಟಿಕೊಂಡು ಕೂತಿರು.

ಈ ಪತ್ರ ನಿನಗೆ ಸಿಗುವಷ್ಟರಲ್ಲಿ ನಾಲ್ಕು ದಿನ ಆಗಿಯೇ ಇರುತ್ತದೆ. ಅಷ್ಟರೊಳಗೆ ಅವಸರ ಮಾಡಿ ನೆಟ್ಟಿದ್ದರೆ ನನಗೆ ಬರೆಯಬೇಡ.

ವಕೀಲರ ಕಾಗದ ಬಂದ ದಿನ ನೀರನ್ನು ನೀನು ಕುಡಿ.

ಅತ್ತೆ


ಅಕ್ಟೋಬರ್ ೩

ಅತ್ತೆಯವರಿಗೆ,

ಮೂರರಲ್ಲಿ ಎರಡು ಬೇರು ಬಿಟ್ಟಿವೆ. ಹಗುರವಾಗಿ ಎಳೆದು ನೋಡಿದೆ, ಮಣ್ಣನ್ನು ಬಿಡಲಿಲ್ಲ. ಎರಡನ್ನೂ ಅದೇ ತಂತಿಯ ಕುಂಡದಲ್ಲಿ ಇಟ್ಟಿದ್ದೇನೆ. ಇದಿಷ್ಟು ನಿಮ್ಮಿಂದ. ಒಪ್ಪಿಕೊಂಡಿದ್ದೇನೆ.

ಈಗ ನೀವು ಒಪ್ಪಿಕೊಳ್ಳಬೇಕಾದದ್ದನ್ನು ಬರೆಯುತ್ತೇನೆ. ಕೂತುಕೊಂಡು ಓದಿ.

ಕಳೆದ ವಾರ ನಮ್ಮ ಅಂಗಡಿಗೆ ಸಸಿ ಮಾರುವವನೊಬ್ಬ ಕನ್ನಡಕ ರಿಪೇರಿಗೆ ಬಂದ. ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ನನ್ನ ಕುಂಡ ನೋಡಿ, “ಇದಾ! ಕಲಂಚೋ!” ಎಂದ. ಆರು ವರ್ಷದಿಂದ ಹೂ ಬಿಟ್ಟಿಲ್ಲ ಎಂದೆ. ಅವನು ಗೊಬ್ಬರ ಕೇಳಲಿಲ್ಲ, ನೀರು ಕೇಳಲಿಲ್ಲ. ಕೇಳಿದ್ದು ಒಂದೇ.

“ಸಂಜೆ ಹೊತ್ತು ದೀಪ ಉರಿಯೋ ಜಾಗದಲ್ಲಿ ಇಟ್ಟಿದ್ರಾ?”

ಈ ಗಿಡ ಮೊಗ್ಗು ಕಟ್ಟುವುದು ಕತ್ತಲಿನಲ್ಲಂತೆ. ದಿನಕ್ಕೆ ಹದಿನಾಲ್ಕು ಗಂಟೆ, ಎಡೆಬಿಡದೆ, ಆರು ವಾರ. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುವುದರಿಂದ ತಾನಾಗಿ ಆಗುತ್ತದೆ. ಆದರೆ ಪಕ್ಕದಲ್ಲಿ ದೀಪವಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆಯೇ ಎಂಬ ಲೆಕ್ಕ. ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ.

ನಿಮ್ಮ ಹೊಲಿಗೆ ಯಂತ್ರದ ದೀಪ, ಅತ್ತೆ. ಕಿಟಕಿಯಿಂದ ಒಂದು ಮೊಳ ದೂರ. ನಾನು ಬಂದಾಗಿನಿಂದ ಪ್ರತಿದಿನ ಕತ್ತಲಾದ ಮೇಲೆ ಹಚ್ಚಿದರೆ ಅವನು ಬಂದು ಉಂಡು ಮಲಗುವ ತನಕ ಆರುತ್ತಿರಲಿಲ್ಲ. ಬಾಗಿಲಿಗೆ ಎದುರಾಗಿ ಯಂತ್ರ ಹಾಕಿಕೊಂಡು ನೀವು ಕೂರುತ್ತಿದ್ದದ್ದು ಏಕೆಂದು ನನಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಸೊಸೆ ಮಗನಿಗೆ ಬಡಿಸುತ್ತಾಳೋ ಇಲ್ಲವೋ, ಎದುರು ಮಾತಾಡುತ್ತಾಳೋ ಎಂದು ಕಾವಲು. ಜೈಲಿನಲ್ಲೂ ಅಷ್ಟು ಹೊತ್ತು ದೀಪ ಉರಿಸುವುದಿಲ್ಲವೇನೋ.

ಆ ಕಾವಲೇ ನಿಮ್ಮ ಹೂವನ್ನು ತಿಂದಿತು. ನನ್ನ ಕಾಲಲ್ಲ. ಇದನ್ನು ನೀವು ಕಾಗದದ ಮೇಲೆ ಬರೆದು ಕೊಡಬೇಕು.

ಸೊಸೆ


ನವೆಂಬರ್ ೨

ಅತ್ತೆಯವರಿಗೆ,

ಒಂದು ತಿಂಗಳಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಸೋತವರು ಮಾತಾಡುವುದಿಲ್ಲ ಎಂದು ತಿಳಿಯಬೇಕೋ, ಪತ್ರ ಅವನ ಕೈಗೆ ಸಿಕ್ಕಿತೆಂದು ತಿಳಿಯಬೇಕೋ ಗೊತ್ತಾಗದೆ ಮತ್ತೆ ಬರೆಯುತ್ತಿದ್ದೇನೆ. ಎರಡನೆಯದಾಗಿದ್ದರೆ ಒಂದು ಖಾಲಿ ಲಕೋಟೆಯನ್ನಾದರೂ ಕಳಿಸಿ.

ಗಿಡವನ್ನು ಅಂಗಡಿಯ ಫ್ರೇಮು ಬೀರುವಿನಲ್ಲಿ ಇಡುತ್ತಿದ್ದೇನೆ. ಸಂಜೆ ಆರಕ್ಕೆ ಒಳಗೆ, ಬೆಳಿಗ್ಗೆ ಎಂಟಕ್ಕೆ ಹೊರಗೆ. ನಾಲ್ಕು ವಾರ ಮುಗಿದಿದೆ. ಯಜಮಾನರಿಗೆ ಹೇಳಿರಲಿಲ್ಲ. ಒಂದು ದಿನ ಆರೂವರೆಗೆ ಅವರು ಯಾವುದೋ ಫ್ರೇಮಿಗೆಂದು ಬೀರುವಿಗೆ ಕೈ ಹಾಕಿದರು. ಸಾಣೆ ಹಿಡಿಯುತ್ತಿದ್ದ ನಾನು ಅಲ್ಲಿಂದಲೇ “ಬಾಗಿಲು ತೆಗೀಬೇಡಿ!” ಎಂದು ಕೂಗಿಬಿಟ್ಟೆ.

ಅವರು ಕೈ ಹಿಂದಕ್ಕೆಳೆದುಕೊಂಡರು. “ಯಾಕಮ್ಮ, ಒಳಗೆ ಯಾರಾದ್ರೂ ಬಟ್ಟೆ ಬದಲಾಯಿಸ್ತಿದ್ದಾರಾ?”

ಹೇಳಿದೆ. ಗಿಡದ್ದಷ್ಟೇ ಹೇಳಲು ಹೊರಟವಳು ಇನ್ನೂ ಏನೇನೋ ಹೇಳಿದೆ. ಅವರು ಗಿರಾಕಿಗೆ “ಆ ಫ್ರೇಮು ನಾಳೆ ಬೆಳಿಗ್ಗೆ ಎಂಟರ ಮೇಲೆ ಸಿಗುತ್ತೆ” ಎಂದು ಹೇಳಿ ಕಳಿಸಿದರು. ರಜಾದಿನವೂ ಬಂದು ಗಿಡ ತೆಗೆದಿಡಲೆಂದು ಮಾರನೆಯ ದಿನ ಅಂಗಡಿಯ ಬೀಗದ ಕೈಯ ಒಂದು ನಕಲು ಮಾಡಿಸಿ ನನ್ನ ಮೇಜಿನ ಮೇಲಿಟ್ಟಿದ್ದರು.

ವಿಚಾರಣೆ ಜನವರಿಯ ಮೊದಲ ಪಕ್ಷದಲ್ಲಿ. ನನ್ನ ಕಡೆಗೆ ಸಾಕ್ಷಿ ಯಾರೂ ಇಲ್ಲ ಎಂದು ವಕೀಲೆಗೆ ಚಿಂತೆ. ಒಡೆದ ಕುಂಡವನ್ನು ತೋರಿಸಿದೆ. “ಬೆಕ್ಕು ಬೀಳಿಸಿತು ಅಂತ ಅವರು ಹೇಳ್ತಾರೆ, ಮೇಲಿನ ಮನೆಯಾಕೆಯೂ ಹಾಗೇ ಬರೆದುಕೊಟ್ಟಿದ್ದಾರೆ” ಎಂದರು. ಸಾಕ್ಷಿ ಇಲ್ಲದಿದ್ದರೆ ಕಾರಣವಿಲ್ಲದೆ ಬಿಟ್ಟು ಬಂದವಳು ಎಂದೇ ಆಗುತ್ತದೆಯಂತೆ. ನಾನು ಆ ಮನೆಗೆ ವಾಪಸ್ ಹೋಗಬೇಕೆಂದು ಅವನು ಕೇಳಿದ್ದಾನೆ. ಹೋಗುವುದಿಲ್ಲ. ಯಾರು ಏನು ಬರೆದರೂ ಹೋಗುವುದಿಲ್ಲ.

“ನಿಮ್ಮ ಅತ್ತೆಯನ್ನು ಕೇಳಬಾರದೇ?” ಎಂದು ವಕೀಲೆ ಎರಡು ಸಲ ಕೇಳಿದರು. ಎರಡು ಸಲವೂ ಆಗುವುದಿಲ್ಲ ಎಂದೆ. ನಿಮ್ಮನ್ನು ಕೇಳುವುದಿಲ್ಲ ಎಂದು ನಿಮಗೇ ತಿಳಿಸಲು ಇಷ್ಟು ಬರೆದೆ.

ಸೊಸೆ


ನವೆಂಬರ್ ೧೪

ಸೊಸೆಗೆ,

ಪತ್ರ ಅವನ ಕೈಗೆ ಸಿಕ್ಕಿಲ್ಲ. ಉತ್ತರ ಬರೆಯಲು ಆಗಲಿಲ್ಲ, ಅಷ್ಟೇ. ನಾಲ್ಕು ಸಲ ಬರೆದು ಹರಿದೆ. ಗುಂಡಿ ಅಂಗಡಿಯವಳು, “ಏನೇ ಇದು, ಪತ್ರ ಬರೀತಿದ್ದೀಯೋ ಬಟ್ಟೆ ಕತ್ತರಿಸ್ತಿದ್ದೀಯೋ” ಎಂದಳು.

ಯಂತ್ರ ಮೊದಲು ಹಿಂದಿನ ಕೋಣೆಯಲ್ಲಿತ್ತು. ಹಗಲು ಬೆಳಕಿನಲ್ಲಿ ಹೊಲಿದು ಐದಕ್ಕೆ ಮುಚ್ಚಿಬಿಡುತ್ತಿದ್ದೆ. ಮುಂದಿನ ಕೋಣೆಯ ಕಿಟಕಿಯಲ್ಲಿ ಗಿಡ ಒಂದೇ ಇರುತ್ತಿತ್ತು. ನೀನು ಬಂದ ಎರಡನೆಯ ತಿಂಗಳು ಒಂದು ಸಂಜೆ ಮುಂದಿನ ಕೋಣೆಯಲ್ಲಿ ತಟ್ಟೆ ಬಿದ್ದಂತೆ ಸದ್ದಾಯಿತು. ನಾನು ಹೋಗಿ ನೋಡಿದರೆ ತಟ್ಟೆ ಮೇಜಿನ ಮೇಲೆಯೇ ಇತ್ತು. ನೀನು ಕೆನ್ನೆಗೆ ಅಂಗೈ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಅವನು ಬಗ್ಗಿ ಚಪ್ಪಲಿ ಕಳಚುತ್ತಿದ್ದ. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಗುಂಡಿ ಅಂಗಡಿಯವಳನ್ನು ಕರೆದು ಇಬ್ಬರೂ ಸೇರಿ ಯಂತ್ರವನ್ನು ಮುಂದಿನ ಕೋಣೆಗೆ ಎಳೆದೆವು. ಇಲ್ಲಿ ಗಾಳಿ ಚೆನ್ನಾಗಿದೆ ಎಂದು ನಿನಗೆ ಹೇಳಿದೆ. ಅಂದಿನಿಂದ ಅವನು ಬರುವ ಹೊತ್ತಿಗೆ ದೀಪ ಹಚ್ಚಿಕೊಂಡು ಕೂತೆ. ನಾನು ಎದುರಿಗೆ ಕೂತಿದ್ದರೆ ಅವನು ಉಂಡು ಮಲಗುತ್ತಿದ್ದ. ಕಾವಲು ಎಂದು ಬರೆದಿದ್ದೀಯ. ಹೌದು, ಕಾವಲೇ. ಯಾರನ್ನು ಯಾರಿಂದ ಎಂದು ಮಾತ್ರ ನೀನು ತಪ್ಪು ತಿಳಿದೆ. ತಪ್ಪು ತಿಳಿಯದೆ ಇನ್ನೇನು ಮಾಡುತ್ತಿದ್ದೆ, ನಾನು ಹೇಳಿದ್ದರೆ ತಾನೇ.

ಅಷ್ಟು ಹೊಲಿಗೆ ನನಗೆ ಎಲ್ಲಿತ್ತು? ಎಷ್ಟೋ ಸಂಜೆ ಸೂಜಿಯಲ್ಲಿ ದಾರವೇ ಇರಲಿಲ್ಲ. ಹಳೆಯ ದಿಂಬಿನ ಚೀಲವೊಂದನ್ನು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದೆ. ಅದು ಇನ್ನೂ ಇದೆ. ಬೆಳಕಿಗೆ ಹಿಡಿದರೆ ಜರಡಿ.

ಮಾರ್ಚ್‌ನಲ್ಲಿ ಆ ದೀಪದ ಬಲ್ಬು ಸುಟ್ಟುಹೋಯಿತು. ಹೊಸದು ತರಲು ಹೋದೆ. ಹದಿನೈದು ನಿಮಿಷ. ಬಲ್ಬು ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟರೆ ಕುಂಡ ಎರಡು ಹೋಳಾಗಿತ್ತು, ಗೋಡೆಯ ಗಾರೆ ಕಿತ್ತಿತ್ತು, ನಿನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ. ಆಮೇಲೆ ಮೇಲಿನ ಮನೆಯಾಕೆ ಬಂದಳು. ನಾನು ಅಂದದ್ದು ಅಂದೆ.

ಗಿಡ ಹೂ ಬಿಡದಿದ್ದದ್ದಕ್ಕೆ ನಿನ್ನ ಕಾಲು ಕಾರಣವಲ್ಲ. ಬರೆದು ಕೊಡು ಎಂದಿದ್ದೆ, ಕೊಟ್ಟಿದ್ದೇನೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಡಬೇಕಾಗುತ್ತದೆ. ನಿನ್ನ ಮೇಲೆ ಆ ಭಾರ ಬೇಡ.

ಅತ್ತೆ


ಡಿಸೆಂಬರ್ ೮

ಅತ್ತೆಯವರಿಗೆ,

ಮೊಗ್ಗು ಬಂದಿದೆ.

ಎರಡು ಗಿಡಕ್ಕೂ. ತುದಿಯ ಎಲೆಗಳ ನಡುವೆ ಸಾಸಿವೆಯಷ್ಟು ಗಾತ್ರದ ಹಸಿರು ಕಾಳುಗಳು. ಕೆಲಸದ ಭೂತಗನ್ನಡಿ ಹಿಡಿದು ಎಣಿಸಿದೆ. ಒಂದರಲ್ಲಿ ಹದಿನೇಳು, ಇನ್ನೊಂದರಲ್ಲಿ ಹನ್ನೊಂದು.

ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ಸಮಾಧಾನವಾಗಲಿ ಎಂದು ಕಾದೆ. ಆಗಿಲ್ಲ. ಕೋಪ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅಷ್ಟೇ. ನನಗಾಗಿ ಕೂತಿದ್ದಿರಿ, ಸರಿ. ಆರು ವರ್ಷದಲ್ಲಿ ಒಂದು ಸಂಜೆ ಯಂತ್ರ ನಿಲ್ಲಿಸಿ, “ಲೋ, ಕೈ ಇಳಿಸು” ಎನ್ನಲಿಲ್ಲವಲ್ಲ. ನಾನು ಎದುರು ಕೋಣೆಯಲ್ಲಿ ಆ ಖಾಲಿ ಯಂತ್ರದ ಸದ್ದು ಕೇಳಿಕೊಂಡು, ಈ ಮನೆಯಲ್ಲಿ ನನ್ನವರು ಯಾರೂ ಇಲ್ಲ ಎಂದುಕೊಂಡು ಮಲಗುತ್ತಿದ್ದೆ. ನೀವು ಮೂರು ಮಾರು ದೂರದಲ್ಲಿದ್ದಿರಿ.

ಇದನ್ನು ನಿಮಗೆ ನೋವಾಗಲಿ ಎಂದೇ ಬರೆದಿದ್ದೇನೆ. ಹರಿದು ಹಾಕಿ ಬೇರೆ ಬರೆಯೋಣ ಅನ್ನಿಸಿತು. ಹರಿಯಲಿಲ್ಲ.

ಜೊತೆಗೆ ಒಂದು ಕನ್ನಡಕ ಇದೆ. ಮನೆಯಲ್ಲಿದ್ದಾಗ ಸೂಜಿಗೆ ದಾರ ಪೋಣಿಸಲು ನೀವು ನನ್ನನ್ನು ಕರೆಯುತ್ತಿದ್ದಿರಿ. ನಿಮ್ಮ ಹಳೆಯ ನಂಬರಿನ ಚೀಟಿ ನನ್ನ ಚೀಲದಲ್ಲೇ ಉಳಿದಿತ್ತು. ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿಸಿ ನಾನೇ ಸಾಣೆ ಹಿಡಿದಿದ್ದೇನೆ. ಹತ್ತಿರದ್ದು ನೋಡಲು ಮಾತ್ರ. ಹಾಕಿಕೊಂಡು ಮೆಟ್ಟಿಲಿಳಿದು ಬಿದ್ದರೆ ನನ್ನ ಹೆಸರು ಹೇಳಬೇಡಿ.

ಸೊಸೆ


ಜನವರಿ ೧೫

ಸೊಸೆಗೆ,

ಕನ್ನಡಕ ಸರಿಯಾಗಿದೆ. ಬಲಗಿವಿಯ ಹತ್ತಿರ ಸ್ವಲ್ಪ ಒತ್ತುತ್ತದೆ.

ಮೊನ್ನೆ ನಡೆದದ್ದನ್ನು ನಿನ್ನ ವಕೀಲೆ ಹೇಳಿರುತ್ತಾರೆ. ಅವರು ಕಾನೂನಿನ ಭಾಷೆಯಲ್ಲಿ ಹೇಳಿರುತ್ತಾರೆ, ನಾನು ನಡೆದ ಹಾಗೆ ಹೇಳುತ್ತೇನೆ. ಆ ದಿನ ನೀನು ಬರುವ ಅಗತ್ಯವಿಲ್ಲ ಎಂದು ಅವರಿಗೆ ನಾನೇ ಹೇಳಿದ್ದೆ. ನಿನ್ನ ಮುಖ ಎದುರಿಗಿದ್ದರೆ ನನಗೆ ಮಾತು ಹೊರಡುತ್ತಿರಲಿಲ್ಲ.

ಡಿಸೆಂಬರ್ ಕೊನೆಯ ವಾರ ಅವರ ಕಚೇರಿಗೆ ಹೋದೆ. ನೀನು ಕೇಳಲಿಲ್ಲ. ನೀನು ಕೇಳಿದ್ದರೆ ಬಹುಶಃ ಹೋಗುತ್ತಿರಲಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಬಾಗಿಲಲ್ಲಿ ನಿಂತು, “ನಾನು ಎದುರು ಪಕ್ಷದವನ ತಾಯಿ. ಒಳಗೆ ಬರಬಹುದೇ?” ಎಂದೆ. ಆ ವಕೀಲೆ ಹುಡುಗಿ ಕೈಯಲ್ಲಿದ್ದ ಕಾಫಿ ಕೆಳಗಿಡುವುದನ್ನೇ ಮರೆತಳು.

ಮೊನ್ನೆ ಅವನ ವಕೀಲ ಎದ್ದು, ಬಹಳ ಮರ್ಯಾದೆಯಿಂದ ಕೇಳಿದ.

“ತಾಯೀ, ನಿಮ್ಮ ಸೊಸೆ ಮನೆಯಿಂದ ಹೋಗುವಾಗ ನಿಮ್ಮ ಗಿಡ ಕದ್ದುಕೊಂಡು ಹೋದಳು, ಅಲ್ಲವೇ?”

“ಕದ್ದಿಲ್ಲ. ಅದು ನಮ್ಮ ಮನೆಯಲ್ಲಿ ಬದುಕ್ತಿರಲಿಲ್ಲ. ಒಯ್ದಳು, ಒಳ್ಳೇದು ಮಾಡಿದಳು.”

“ಕುಂಡ ಒಡೆದದ್ದು ಬೆಕ್ಕು ಎಂದು ನೀವೇ ಹೇಳಿದ್ದೀರಿ.”

“ಹೇಳಿದ್ದೆ. ನಮ್ಮ ಮನೇಲಿ ಬೆಕ್ಕಿಲ್ಲ.”

“ಬೀದಿಯ ಬೆಕ್ಕು ಇರಬಹುದು.”

“ಸ್ವಾಮೀ, ಆ ಕುಂಡ ನೆಲಕ್ಕೆ ಬಿದ್ದದ್ದಲ್ಲ. ಆಳೆತ್ತರದಲ್ಲಿ ಗೋಡೆಗೆ ಬಡಿದದ್ದು. ಗಾರೆ ಕಿತ್ತ ಗುರುತು ಈಗಲೂ ಇದೆ, ಬಂದು ಟೇಪು ಹಿಡಿದು ಅಳೆಯಿರಿ. ಅಷ್ಟೆತ್ತರಕ್ಕೆ ಕುಂಡ ಎಸೆಯೋ ಬೆಕ್ಕು ನಾನು ಕಂಡಿಲ್ಲ. ಎಸೆದವನನ್ನು ನಾನು ಹೆತ್ತಿದ್ದೇನೆ.”

ಯಾರೋ ಹಿಂದಿನಿಂದ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಆ ದಿಂಬಿನ ಚೀಲವನ್ನು ಒಯ್ದಿದ್ದೆ. ನ್ಯಾಯಾಧೀಶೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಇದರಲ್ಲಿ ಹೊಲಿಗೆಯೇ ಇಲ್ಲವಲ್ಲ, ಬರೀ ತೂತು” ಎಂದರು. ಹೌದು, ಆರು ವರ್ಷ ನಾನು ಮಾಡಿದ್ದು ಅಷ್ಟೇ, ಎಂದೆ. ಎಲ್ಲವನ್ನೂ ಹೇಳಿದೆ. ತಟ್ಟೆಯ ಸದ್ದಿನಿಂದ ಬಲ್ಬಿನ ತನಕ. ಅವನ ಕಡೆ ನೋಡಿಯೇ ಹೇಳಿದೆ. ಅವನು ನನ್ನ ಕಡೆ ನೋಡಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ, “ಅಮ್ಮಾ, ಮನೆಗೆ ಬಾ, ಆಮೇಲೆ ಮಾತಾಡೋಣ” ಎಂದ. ಆ ದನಿ ನನಗೆ ಗೊತ್ತು. ಅವನ ಅಪ್ಪನ ದನಿಯೂ ಗೊತ್ತಿತ್ತು. “ಮನೆ ನನ್ನ ಹೆಸರಲ್ಲಿದೆ, ಯಂತ್ರ ತುಳಿದು ಕಟ್ಟಿದ್ದು. ನಿನ್ನ ಬಟ್ಟೆ ಮಡಚಿ ಗುಂಡಿ ಅಂಗಡೀಲಿ ಇಟ್ಟಿದೀನಿ, ಇಸ್ಕೊಂಡು ಹೋಗು” ಎಂದೆ. ಬೆಳಿಗ್ಗೆ ಹೊರಡುವ ಮೊದಲೇ ಬೀಗ ಬದಲಾಯಿಸಿದ್ದೆ. ಗುಂಡಿ ಅಂಗಡಿಯವಳು ಈಗ ಸಂಜೆ ಹೊತ್ತು ನನ್ನ ಜೊತೆ ಬಂದು ಕೂರುತ್ತಾಳೆ. ಬಾಯಲ್ಲಿದ್ದ ಗುಂಡುಸೂಜಿ ತೆಗೆದ ಮೇಲೆ ಎಷ್ಟು ಮಾತಾಡುತ್ತಾಳೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ನಿನ್ನೆ ಸಂಜೆ ಆರಕ್ಕೆ ದೀಪ ಆರಿಸಿದೆ. ಕೈ ಎರಡು ಸಲ ಸ್ವಿಚ್ಚಿನ ಕಡೆ ಹೋಯಿತು. ಹಚ್ಚಲಿಲ್ಲ.

ಗಿಡ ಕಳಿಸುವುದಿದ್ದರೆ ಕಳಿಸು. ಕಳಿಸದಿದ್ದರೂ ಕೇಳುವುದಿಲ್ಲ.

ನಿನ್ನ ಕಾಗದಪತ್ರ ಮುಗಿದ ಮೇಲೆ ನನ್ನನ್ನು ಏನೆಂದು ಕರೆಯುತ್ತೀಯೋ ಅದು


ಫೆಬ್ರವರಿ ೨

ಅತ್ತೆಗೆ,

ಆದೇಶ ಮೊನ್ನೆ ಬಂತು. ನಾನು ವಾಪಸ್ ಹೋಗಬೇಕಿಲ್ಲ. ಕಾಗದಪತ್ರವೂ ಮುಗಿಯಿತು. ಕರೆಯಲು ಬೇರೆ ಹೆಸರು ಹುಡುಕಿದೆ, ಯಾವುದೂ ನಿಮಗೆ ಕೂರಲಿಲ್ಲ. ಹಾಗಾಗಿ ಇದೇ ಇರಲಿ.

ತಂತಿಯ ಕುಂಡವನ್ನು ಕಳಿಸುವುದಿಲ್ಲ. ಅದು ನನ್ನದು. ಅದರಲ್ಲಿರುವ ಎರಡು ಗಿಡವನ್ನೂ ಕಳಿಸುವುದಿಲ್ಲ, ಅವು ಇಲ್ಲಿ ಹೂ ಬಿಟ್ಟಿವೆ. ಅವುಗಳಲ್ಲಿ ಒಂದರ ಕೊನೆಯನ್ನು ಹೂವಿನ ಸಮೇತ ಕತ್ತರಿಸಿ, ಹತ್ತಿ ಸುತ್ತಿ, ಈ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಂಚೆಯಲ್ಲಿ ನಾಲ್ಕು ದಿನ ಕಳೆಯುತ್ತದೆ. ನ್ಯಾಯವಾಗಿ ನಿಮ್ಮ ಕೈಗೆ ಸಿಗುವ ಹೊತ್ತಿಗೆ ಗಾಯ ಒಣಗಿರಬೇಕು. ಬೆರಳಾಡಿಸಿ ನೋಡಿ, ಗರಗರ ಎನ್ನದಿದ್ದರೆ ಇನ್ನೊಂದು ದಿನ ಕಾಯಿರಿ. ಹೂವನ್ನು ನೆಡುವ ಮೊದಲು ಚಿವುಟಿ ತೆಗೆಯಿರಿ, ಇಲ್ಲದಿದ್ದರೆ ಬೇರಿಗೆ ಬಲ ಬರುವುದಿಲ್ಲ. ಮರಳು ಮೂರನೆಯ ಒಂದು ಪಾಲು. ಒಂದು ವಾರ ನೀರಿಲ್ಲ. ಬಲಗಿವಿಯ ಹತ್ತಿರ ಕನ್ನಡಕ ಒತ್ತುತ್ತಿದ್ದರೆ ಅದರ ಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ ಸ್ವಲ್ಪ ಹೊರಕ್ಕೆ ಬಗ್ಗಿಸಿ.

ಇನ್ನೊಂದು ಮಾತಿದೆ. ನೀವು ಜುಲೈನಲ್ಲಿ ಕಾಗದದ ಮೂಲೆಗೆ ಹೊಲಿದು ಕಳಿಸಿದ ದಾರವನ್ನು ಬಿಚ್ಚಿ, ಹಗಲು ಬೆಳಕಿನಲ್ಲಿ, ಹೂವಿನ ಪಕ್ಕದಲ್ಲಿ ಹಿಡಿದು ನೋಡಿದೆ. ಹೊಂದುವುದಿಲ್ಲ. ನಿಮ್ಮದು ಇಟ್ಟಿಗೆ ಕೆಂಪು. ಹೂ ಅದಕ್ಕಿಂತ ಒಂದು ಛಾಯೆ ಹೆಚ್ಚು, ಕಿತ್ತಳೆಯ ಕಡೆಗಿದೆ. ಯಜಮಾನರನ್ನೂ ಕರೆದು ತೋರಿಸಿದೆ, ಅವರೂ ನನ್ನ ಪಕ್ಷ.

ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ಬರೆದಿದ್ದಿರಿ. ಕನ್ನಡಕ ಹಾಕಿಕೊಂಡು ಗುಂಡಿ ಅಂಗಡಿಗೆ ಹೋಗಿ, ಇದಕ್ಕೆ ಸರಿಯಾದ ರೀಲು ಆರಿಸಿ ಒಂದು ಎಳೆ ಕಳಿಸಿ. ನಾನು ಹೇಳಿದ್ದೇ ಸರಿ ಎಂದು ಆಗ ನಿಮಗೇ ಗೊತ್ತಾಗುತ್ತದೆ.

ಸೊಸೆ